ಹಾಸಿಗೆ ಅಂಗಡಿಯ ಡ್ರಮ್ಮಣ್ಣ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಕಟ್ಟಿದವರು ಡ್ರಮ್ಮಣ್ಣನ ಅಂಗಡಿಗೆ ಬಂದವರಲ್ಲ. ಬಂದಿದ್ದರೆ, ಕಾಲಿನ ಅಳತೆ ಕೊಡಿ, ಹಾಸಿಗೆಯನ್ನೇ ಉದ್ದ ಮಾಡಿಕೊಡುತ್ತೇನೆ ಎಂದು ಅವನು ಹೇಳುತ್ತಿದ್ದ. ಬಸ್ ನಿಲ್ದಾಣದ ಎದುರಿಗೆ, ಔಷಧಿ ಅಂಗಡಿಗೂ ಗಡಿಯಾರ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಉದ್ದನೆಯ ಕೋಣೆ ಅವನದು. ಮುಂಭಾಗದಲ್ಲಿ ಹತ್ತಿ ಹೊಡೆಯುವ ಜಾಗ, ಹಿಂದೆ ಹತ್ತಿ ತುಂಬಿ ಹೊಲಿಯುವ ಜಾಗ, ಮರದ ಮೆಟ್ಟಿಲು ಹತ್ತಿದರೆ ಮನೆ. ಧೂಳು ಹೊರಗೆ ಹೋಗಲಿ ಎಂದು ಬಾಗಿಲು ದಿನವಿಡೀ ತೆರೆದಿರುತ್ತದೆ. ಮೇಲೆ ಅವನ ಹೆಂಡತಿ ಮಿಷನ್ನಿನ ಮುಂದೆ ಕೂತು ಗವಸು ಹೊಲಿಯುತ್ತಾಳೆ, ಕೆಳಗೆ ಇವನು ಅದರೊಳಗೆ ಹತ್ತಿ ತುಂಬಿ ದಬ್ಬಣದಿಂದ ಗಂಟು ಹಾಕುತ್ತಾನೆ.

ಅವನ ಕೆಲಸ ನೋಡುವುದಕ್ಕೆ ಚೆಂದ. ವರ್ಷಗಟ್ಟಲೆ ಮಲಗಿ ಮಲಗಿ ಹಲಗೆಯಂತಾದ ಹಾಸಿಗೆಯನ್ನು ಜನ ಹೊತ್ತು ತರುತ್ತಾರೆ. ಅವನು ಅದರ ಹೊಲಿಗೆ ಬಿಚ್ಚಿ, ಒಳಗಿನ ಹತ್ತಿಯನ್ನು ನೆಲದ ಮೇಲೆ ರಾಶಿ ಹಾಕಿ, ಎರಡು ಬೆತ್ತ ಹಿಡಿದು ಹೊಡೆಯಲು ಕೂರುತ್ತಾನೆ. ಎರಡು ಏಟು ನಿಧಾನಕ್ಕೆ, ಮೂರು ಏಟು ಬೇಗಬೇಗ, ಆಮೇಲೆ ಒಂದು ಗಳಿಗೆ ಸುಮ್ಮನೆ. ಮತ್ತೆ ಮೊದಲಿಂದ. ಆ ಸುಮ್ಮನಿರುವುದು ಸೋಮಾರಿತನವಲ್ಲ. ಬೆತ್ತದ ತುದಿಗೆ ಹತ್ತಿ ಅಂಟಿಕೊಳ್ಳುತ್ತದೆ, ಅದನ್ನು ಕೊಡವಬೇಕು. ಕೊಡವದೆ ಹೊಡೆದರೆ ಬಿಡಿಸಿದ ಹತ್ತಿ ಮತ್ತೆ ಗಂಟಾಗುತ್ತದೆ ಎಂದು ಅವನ ಅಪ್ಪ ತಲೆಗೆ ಮೊಟಕಿ ಕಲಿಸಿದ್ದ. ಹೀಗೆ ಹೊಡೆಯುತ್ತಾ ಹೊಡೆಯುತ್ತಾ ಮಧ್ಯಾಹ್ನದ ಹೊತ್ತಿಗೆ ಮೊಣಕಾಲೆತ್ತರದ ರಾಶಿ ಸೊಂಟದೆತ್ತರ ಉಬ್ಬಿ ನಿಲ್ಲುತ್ತದೆ.

ಇನ್ನು ದಿಂಬಿನ ವಿಷಯಕ್ಕೆ ಬಂದರೆ ಅವನದೊಂದು ಪದ್ಧತಿ. ದಿಂಬು ತಂದವರನ್ನು ಮೊದಲು ನಿಲ್ಲಿಸಿ, "ಯಾವ ಕಡೆ ತಿರುಗಿ ಮಲಗ್ತೀರಿ?" ಎಂದು ಕೇಳುತ್ತಾನೆ. ಎಡಕ್ಕೆ ತಿರುಗುವವರಿಗೆ ಒಂದು ರೀತಿ, ಬಲಕ್ಕೆ ತಿರುಗುವವರಿಗೆ ಒಂದು ರೀತಿ ತುಂಬುತ್ತಾನೆ. ಅಂಗಾತ ಮಲಗುವವರಿಗೆ ನಡುವೆ ಸ್ವಲ್ಪ ಕಡಿಮೆ. ಕೆಲವರು ಈ ಪ್ರಶ್ನೆಗೆ ನಾಚುತ್ತಾರೆ, ಕೆಲವರು ನಿನಗೇಕಯ್ಯಾ ಎಂದು ಗದರುತ್ತಾರೆ. ಒಬ್ಬ ದೊಡ್ಡ ಮನುಷ್ಯ ಮಾತ್ರ ಅಂಗಡಿಯ ನಡುವೆ ಚಾಪೆಯ ಮೇಲೆ ಮಲಗಿ ತೋರಿಸಲು ಹೋಗಿ ಅಲ್ಲೇ ಗೊರಕೆ ಹೊಡೆದದ್ದೂ ಉಂಟು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಡ್ರಮ್ಮಣ್ಣ ಹೆಚ್ಚುಕಡಿಮೆ ಆ ಜಾತಿಯವನೇ. ಕೈಯಲ್ಲಿ ಕೆಲಸವಿದೆ, ಮೈಯಲ್ಲಿ ಕಸುವಿದೆ, ಮನೆಯಲ್ಲಿ ನಗುವ ಹೆಂಡತಿ ಇದ್ದಾಳೆ. ಆದರೆ ಒಂದೇ ಒಂದು ಮುಳ್ಳು ಅವನ ಎದೆಯಲ್ಲಿ ಮದುವೆಯಾದ ವರ್ಷದಿಂದಲೂ ಇತ್ತು. ಹೊರಗೆ ಕಾಣದ, ಮರೆತೆ ಎಂದುಕೊಂಡಾಗ ಚುಚ್ಚುವ ಮುಳ್ಳು. ಅದರ ಕತೆ ಹೇಳಬೇಕೆಂದರೆ ಅವನ ಮುಖದ ಕತೆ ಹೇಳಬೇಕು.

ಅವನು ಹುಡುಗನಾಗಿದ್ದ ಕಾಲಕ್ಕೆ 'ಹಸಿರು ಕೊಡೆ' ಎಂಬ ರಾಕ್ ಬ್ಯಾಂಡು ಎಲ್ಲೆಲ್ಲೂ ಹೆಸರು ಮಾಡಿತ್ತು. ನಾಲ್ಕು ಜನ. ಮೂವರು ಕುಣಿದು ಕೂಗಿ ಕೂದಲು ಹಾರಿಸುತ್ತಿದ್ದರೆ, ಹಿಂದೆ ಕೂತು ಡ್ರಮ್ ಬಾರಿಸುವವನು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಸಂದರ್ಶನದಲ್ಲೂ ಮಾತಿಲ್ಲ, ವೇದಿಕೆಯಲ್ಲೂ ಮಾತಿಲ್ಲ. ಅಭಿಮಾನಿಗಳು ಅವನಿಗೆ ಮೌನಿ ಎಂದೇ ಹೆಸರಿಟ್ಟಿದ್ದರು. ಇಳಿಬಿದ್ದ ಮೀಸೆ, ಗಲ್ಲದಲ್ಲೊಂದು ಗುಳಿ, ಸದಾ ಏನನ್ನೋ ಕೇಳುವಂತೆ ಮೇಲೆದ್ದ ಎಡಹುಬ್ಬು. ದೇವರು ಯಾವ ಗಳಿಗೆಯಲ್ಲಿ ಮೈಮರೆತಿದ್ದನೋ ಏನೋ, ಅದೇ ಅಚ್ಚಿನಲ್ಲಿ ಇನ್ನೊಂದು ಮುಖ ಒತ್ತಿ ಹಾಸಿಗೆಯವನ ಮನೆಗೆ ಕಳಿಸಿಬಿಟ್ಟಿದ್ದ. ಬೀದಿಯ ಹುಡುಗರು ಅವನಿಗೆ ಡ್ರಮ್ಮಣ್ಣ ಎಂದು ಹೆಸರಿಟ್ಟರು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವನಿಗೇ ನೆನಪಿದೆಯೋ ಇಲ್ಲವೋ.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಅಕ್ಕತಂಗಿಯರಿಬ್ಬರು ಒಂದು ಹಳೆಯ ಹಾಸಿಗೆ, ಒಂದು ದಿಂಬು ಹೊತ್ತು ಅಂಗಡಿಗೆ ಬಂದರು. ಅಕ್ಕ ಅಳತೆ ಹೇಳುತ್ತಿದ್ದಳು. ತಂಗಿ ಕಣ್ಣು ಮಿಟುಕಿಸದೆ ಇವನನ್ನೇ ನೋಡುತ್ತಾ ನಿಂತಳು. ಅಕ್ಕ ಮೊಣಕೈಯಿಂದ ತಿವಿದರೂ ಅವಳಿಗೆ ಎಚ್ಚರವಿಲ್ಲ.

"ದಿಂಬು ಯಾರದು? ಯಾವ ಕಡೆ ತಿರುಗಿ ಮಲಗ್ತೀರಿ?" ಎಂದು ಇವನು ಕೇಳಿದ.

"ಎಡಗಡೆ" ಎಂದಳು ತಂಗಿ.

ಮುಂದಿನ ವಾರ ಅವಳು ಒಬ್ಬಳೇ ಇನ್ನೊಂದು ದಿಂಬು ತಂದಳು. ಇವನು ಮತ್ತೆ ಕೇಳಿದ, ಅವಳು ಎಡಗಡೆ ಎಂದಳು. ಅದರ ಮುಂದಿನ ವಾರ ಮೂರನೆಯದನ್ನು ತಂದು, ಈ ಸಲ ಬಲಗಡೆ ಎಂದಳು. ಪಾಪ, ಮರೆಗುಳಿ ಹುಡುಗಿ ಎಂದುಕೊಂಡು ಇವನು ಬಲಕ್ಕೆ ತುಂಬಿಕೊಟ್ಟ. ಹೀಗೆ ಅವರ ಮನೆಯ ದಿಂಬುಗಳೆಲ್ಲ ಮುಗಿದವು. ಕೊನೆಗೆ ಅವಳು ಗೊಂಬೆಗೆ ಹಾಕುವಂಥ ಅಂಗೈಯಗಲದ ದಿಂಬೊಂದನ್ನು ತಂದು ಮುಂದಿಟ್ಟಾಗ, ಎಂಥ ಪೆದ್ದನಿಗೂ ಅರ್ಥವಾಗುವ ಮಾತು ಇವನಿಗೂ ಅರ್ಥವಾಯಿತು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಇಬ್ಬರಿಗೂ ಆಗಿಯೇಹೋಯಿತು.

ಮದುವೆಯಾದ ಹೊಸದರಲ್ಲಿ ಒಂದು ದಿನ ಅವನು ಟವೆಲ್ಲು ಹುಡುಕುತ್ತಾ ಅವಳ ತಗಡಿನ ಪೆಟ್ಟಿಗೆಯ ಮುಚ್ಚಳ ಎತ್ತಿದ. ಮುಚ್ಚಳದ ಒಳಮೈಗೆ ಒಂದು ಬಣ್ಣದ ಪೋಸ್ಟರು ಅಂಟಿಸಿತ್ತು. ಹಸಿರು ಕೊಡೆಯವರದು. ಅದರಲ್ಲೂ ಮೂವರನ್ನು ಕತ್ತರಿಸಿ ತೆಗೆದು ಮೌನಿಯೊಬ್ಬನನ್ನೇ ಉಳಿಸಿಕೊಂಡಿದ್ದಳು. ತನ್ನದೇ ಮುಖ ತನ್ನನ್ನೇ ನೋಡುತ್ತಿತ್ತು, ಆದರೆ ಅದು ತಾನಲ್ಲ. ಅವನು ಮುಚ್ಚಳ ಮುಚ್ಚಿದ. ಒದ್ದೆ ಮೈಯಲ್ಲೇ ಅಂಗಿ ಹಾಕಿಕೊಂಡು ಕೆಳಗಿಳಿದು ಹೋದ.

ಅಂದಿನಿಂದ ಅವನು ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ, ಅವಳನ್ನು ಕೇಳಲೂ ಇಲ್ಲ. ಕೇಳುವುದಾದರೂ ಏನೆಂದು? ನೀನು ಕಟ್ಟಿಕೊಂಡದ್ದು ನನ್ನನ್ನೋ, ಆ ಮುಖವನ್ನೋ? ಅಸಲಿ ಸಿಗಲಿಲ್ಲವೆಂದು ಡೂಪ್ಲಿಕೇಟು ತಂದುಕೊಂಡೆಯಾ? ಅವಳು ಹೌದು ಎಂದುಬಿಟ್ಟರೆ ಮುಂದೆ ಮಾಡುವುದೇನು? ಮೂವತ್ತು ವರ್ಷ ಅವನು ಸುಖವಾಗಿಯೇ ಸಂಸಾರ ಮಾಡಿದ. ಆದರೆ ಅವಳು ಕೆಲವೊಮ್ಮೆ ಸುಮ್ಮನೆ ಅವನ ಮುಖ ನೋಡಿ ನಕ್ಕಾಗ, ಈ ನಗು ಯಾರಿಗೆ ಸೇರಿದ್ದು ಎಂಬ ಅನುಮಾನ ಅವನ ಮನಸ್ಸಿನಲ್ಲಿ ಒಮ್ಮೆ ಹೊರಳಿ ಮಲಗುತ್ತಿತ್ತು.

ಇಷ್ಟರಲ್ಲೇ ಕತೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಎದುರಿಗೆ ಬಸ್ ನಿಲ್ದಾಣವಿತ್ತಲ್ಲ, ಅಲ್ಲೊಬ್ಬ ಕಂಡಕ್ಟರ್ ಇದ್ದ. ಒಳ್ಳೆಯವನು, ಚಿಲ್ಲರೆ ವಿಷಯದಲ್ಲೂ ನಿಯತ್ತಿನವನು. ಆದರೆ ಹಸಿರು ಕೊಡೆಯ ಹೆಸರೆತ್ತಿದರೆ ಅವನ ತಲೆಯ ಒಂದು ಸ್ಕ್ರೂ ಸಡಿಲವಾಗುತ್ತಿತ್ತು. ಮೌನಿ ಒಮ್ಮೆ ಕಾಯಿಲೆ ಬಿದ್ದು ಒಂದು ವರ್ಷ ವೇದಿಕೆ ಹತ್ತಿರಲಿಲ್ಲ. ತಿರುಗಿ ಬಂದಾಗ ಗಡ್ಡ ಬಿಟ್ಟಿದ್ದ, ಸ್ವಲ್ಪ ತೆಳ್ಳಗಾಗಿದ್ದ. ಕಾಯಿಲೆ ಬಿದ್ದವನು ದಪ್ಪಗಾಗಿ ಬರುತ್ತಾನೆಯೇ? ಆದರೆ ಅಷ್ಟು ಸಾಕಾಯಿತು. ಬಂದವನು ಬೇರೆ, ಮೌನಿಯ ಜಾಗದಲ್ಲಿ ಅವನಂತೆಯೇ ಇರುವ ಇನ್ನೊಬ್ಬನನ್ನು ಗುಟ್ಟಾಗಿ ಕೂರಿಸಿದ್ದಾರೆ ಎಂದು ಅಭಿಮಾನಿಗಳಲ್ಲಿ ಗುಸುಗುಸು ಹುಟ್ಟಿತು. ಅವರಲ್ಲೂ ಎರಡು ಪಂಗಡ. ಅಸಲಿ ಸತ್ತ ಎನ್ನುವವರು ಕೆಲವರು, ಸಾಯಲಿಲ್ಲ, ಹೆಸರು ಸಾಕಾಗಿ ಓಡಿಹೋಗಿ ಎಲ್ಲೋ ಬಡವನಂತೆ ಬದುಕುತ್ತಿದ್ದಾನೆ ಎನ್ನುವವರು ಕೆಲವರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಾಲಕ್ಕೂ ಇರುತ್ತಾರೆ. ಕಂಡಕ್ಟರ್ ಎರಡನೇ ಪಂಗಡದವನು.

ಒಂದು ಮಧ್ಯಾಹ್ನ ಬಸ್ಸು ಹೊರಡುವುದು ತಡವಾಗಿ ಅವನು ಅಂಗಡಿಯ ಮುಂದೆ ನೆರಳಿಗೆ ನಿಂತಿದ್ದ. ಒಳಗಿನಿಂದ ಹತ್ತಿ ಹೊಡೆಯುವ ಸದ್ದು. ಎರಡು ನಿಧಾನ, ಮೂರು ಬೇಗ, ಒಂದು ಸುಮ್ಮನೆ. ಕಂಡಕ್ಟರನ ಕಿವಿ ನೆಟ್ಟಗಾಯಿತು. ಬಗ್ಗಿ ಒಳಗೆ ನೋಡಿದ. ಇಳಿಬಿದ್ದ ಮೀಸೆ, ಗಲ್ಲದ ಗುಳಿ, ಎದ್ದ ಹುಬ್ಬು. ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು.

"ಅಣ್ಣಾ, ನೀವು ಅವರೇ ಅಲ್ವಾ?"

"ಯಾರು?"

"ಗೊತ್ತಿಲ್ಲದವರ ಹಾಗೆ ಆಡಬೇಡಿ. ಆ ಏಟು ಹಸಿರು ಕೊಡೆಯ ಮೂರನೇ ರೆಕಾರ್ಡಿನದು. ನಡುವೆ ಸುಮ್ಮನಿರೋದಿದೆಯಲ್ಲ, ಅದು ಮೌನಿ ಬಿಟ್ಟು ಇನ್ಯಾರಿಗೂ ಬರಲ್ಲ."

"ಬೆತ್ತಕ್ಕೆ ಹತ್ತಿ ಅಂಟಿಕೊಳ್ಳುತ್ತಪ್ಪ, ಕೊಡವ್ತೀನಿ."

"ಎಷ್ಟು ಚೆನ್ನಾಗಿ ಹೇಳಿದ್ರಿ!" ಎಂದು ಕಂಡಕ್ಟರ್ ಕೈ ಮುಗಿದ. "ಮೌನಿ ಅಂದ್ರೆ ಮೌನಿ. ಒಪ್ಪಿಕೊಳ್ಳೋದೇ ಇಲ್ಲ ನೋಡಿ."

"ನಾನು ಹೌದು ಅಂದ್ರೆ ಏನಂತೀಯ?"

"ಒಪ್ಪಿಕೊಂಡ್ರಿ ಅಂತೀನಿ."

"ಅಲ್ಲ ಅಂದ್ರೆ?"

"ಮುಚ್ಚಿಡ್ತಿದ್ದೀರಿ ಅಂತೀನಿ."

"ಸುಮ್ಮನಿದ್ರೆ?"

"ಸುಮ್ಮನಿರೋನೇ ಅಲ್ವಾ ಅಣ್ಣಾ ಮೌನಿ?"

ಡ್ರಮ್ಮಣ್ಣ ಹಣೆ ಚಚ್ಚಿಕೊಂಡ. ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಇವರು ಬಾತ್‌ರೂಮಲ್ಲಿ ಹಾಡಿದ್ರೆ ಪಕ್ಕದ ಮನೆ ನಾಯಿ ಊಟ ಬಿಡುತ್ತೆ ಕಣಪ್ಪ. ಬ್ಯಾಂಡಂತೆ ಬ್ಯಾಂಡು!" ಎಂದಳು.

ನಗೆಪಾಟಲಿಗೆ ಕಂಡಕ್ಟರ್ ಹೆದರುವವನಲ್ಲ. ರಜೆಯ ದಿನ ತನ್ನ ಪಂಗಡದವರನ್ನು ಕರೆತಂದ. ಅವರು ಒಂದು ರೆಕಾರ್ಡಿನ ಹೊದಿಕೆಯನ್ನೂ ತಂದಿದ್ದರು. ಅದರ ಚಿತ್ರದಲ್ಲಿ ಹಸಿರು ಕೊಡೆಯ ನಾಲ್ವರೂ ಒಂದು ಬರಿ ಮಂಚದ ಹಿಂದೆ ನಿಂತಿದ್ದರು. "ಮಂಚ ಇದೆ. ಹಾಸಿಗೆ ಎಲ್ಲಿ?" ಎಂದು ಕಂಡಕ್ಟರ್ ದನಿ ತಗ್ಗಿಸಿ ಕೇಳಿದ. "ಹಾಸಿಗೆ ಎಲ್ಲಿದೆಯೋ ಅಸಲಿ ಅಲ್ಲಿದ್ದಾನೆ ಅಂತ ಅವರು ಆಗಲೇ ಸುಳಿವು ಕೊಟ್ಟಿದ್ದಾರೆ, ನಮಗೇ ಹೊಳೆದಿರಲಿಲ್ಲ." ಎಲ್ಲರೂ ನಿಟ್ಟುಸಿರು ಬಿಟ್ಟು ಡ್ರಮ್ಮಣ್ಣನ ಕಡೆ ತಿರುಗಿದರು. ಅವನು ಬಾಯಲ್ಲಿ ದಾರ ಕಚ್ಚಿಕೊಂಡಿದ್ದರಿಂದ ಮಾತಾಡುವಂತಿರಲಿಲ್ಲ. ಅದನ್ನೂ ಅವರು ಗಮನಿಸಿಕೊಂಡರು.

ಆಮೇಲೆ ಅವರು ಆಗಾಗ ಬರತೊಡಗಿದರು. ಫುಟ್‌ಪಾತಿನಲ್ಲಿ ನಿಂತು, ಕಣ್ಣು ಮುಚ್ಚಿ, ತೊಡೆ ತಟ್ಟುತ್ತಾ ಹತ್ತಿ ಹೊಡೆಯುವುದನ್ನು ಕೇಳುತ್ತಿದ್ದರು. ಇವನಿಗೋ ಕೈಯೇ ಏಳದು. ಯಾರಾದರೂ ನೋಡುತ್ತಿದ್ದರೆ ನಡಿಗೆ ತಪ್ಪುವುದಿಲ್ಲವೇ, ಹಾಗೆ. ಇವರ ಕಾಟ ತಪ್ಪಲಿ ಎಂದು ಒಂದು ಸಲ ಬೇಕೆಂತಲೇ ಏಟು ಬದಲಿಸಿದ. ನಡುವೆ ನಿಲ್ಲಿಸದೆ ಒಂದೇ ಸಮನೆ ದಬದಬ ಬಾರಿಸಿದ. ಆ ಹಾಸಿಗೆ ಒಯ್ದವರು ಎರಡೇ ದಿನಕ್ಕೆ ತಿರುಗಿ ಬಂದು, "ಏನಯ್ಯಾ, ಹತ್ತಿ ತುಂಬಿದ್ದೀಯೋ ಕಲ್ಲು ತುಂಬಿದ್ದೀಯೋ?" ಎಂದು ಬೆನ್ನು ಹಿಡಿದುಕೊಂಡು ಬೈದರು. ಅಪ್ಪನ ಏಟೇ ಸರಿ ಎಂದು ಅವನು ಮತ್ತೆ ಹಳೆಯದಕ್ಕೇ ಬಂದ. ಫುಟ್‌ಪಾತಿನಲ್ಲಿ ಚಪ್ಪಾಳೆ ಬಿತ್ತು.

ಲಾಭವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರಿಗೈಯಲ್ಲಿ ನಿಲ್ಲಲು ಸಂಕೋಚವಾಗಿ ಆ ಪಂಗಡದವರೆಲ್ಲ ಒಬ್ಬೊಬ್ಬರಾಗಿ ದಿಂಬು ಮಾಡಿಸಿಕೊಂಡರು. "ಓಡಿಹೋದ ಡ್ರಮ್ಮರ್ ನಮಗೆ ಊಟ ಹಾಕ್ತಿದ್ದಾನೆ ರೀ" ಎಂದು ಹೆಂಡತಿ ಚುಡಾಯಿಸುತ್ತಿದ್ದಳು. ಅವಳು ನಕ್ಕಾಗ ಅವನೂ ನಗುತ್ತಿದ್ದ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಅಸಲಿ ನಕಲಿ ಎಂಬ ಮಾತು ಬಂದಾಗಲೆಲ್ಲ ಅವನ ಕಣ್ಣು ಮೇಲಿನ ಕೋಣೆಯ ತಗಡಿನ ಪೆಟ್ಟಿಗೆಯ ಕಡೆಗೆ ಹೋಗುತ್ತಿತ್ತು.

ಹೀಗಿರುವಾಗ ಹಸಿರು ಕೊಡೆಯವರು ಮುದುಕರಾದೆವು, ಕೊನೆಯದೊಂದು ಸುತ್ತು ಹಾಡಿ ನಿಲ್ಲಿಸುತ್ತೇವೆ ಎಂದು ಸಾರಿದರು. ಆ ಸುತ್ತಿನಲ್ಲಿ ಈ ಊರಿನ ದೊಡ್ಡ ಮೈದಾನವೂ ಇತ್ತು. ಕಂಡಕ್ಟರ್ ಓಡುತ್ತಾ ಬಂದು ಎರಡು ಟಿಕೆಟ್ಟು ಹತ್ತಿಯ ರಾಶಿಯ ಮೇಲಿಟ್ಟ.

"ಅಣ್ಣಾ, ಇಲ್ಲ ಅನ್ನಬೇಡಿ. ಎದುರಿಗೆ ನೀವು ಕೂತರೆ ಸಾಕು. ಅವನು ನಿಮ್ಮನ್ನ ಕಂಡ ತಕ್ಷಣ ಕೈ ನಡುಗಿ ಕೋಲು ಬೀಳಿಸ್ತಾನೆ. ಸತ್ಯ ತಾನಾಗೇ ಹೊರಗೆ ಬರುತ್ತೆ."

"ನನಗೆ ಕೆಲಸ ಇದೆ" ಎಂದ ಡ್ರಮ್ಮಣ್ಣ.

"ಹೋಗೋಣ ರೀ" ಎಂದಳು ಹೆಂಡತಿ. ಮೆಟ್ಟಿಲಿಂದ ಆಗಲೇ ಅರ್ಧ ಇಳಿದಿದ್ದಳು. ಅವಳ ಕಣ್ಣು ಹೊಳೆಯುತ್ತಿತ್ತು, ಮುಖ ಕೆಂಪೇರಿತ್ತು. ಮೂರನೇ ದಿಂಬು ಹಿಡಿದು ಬಂದಾಗ ಹೀಗೇ ಇದ್ದಳು ಎಂದು ಅವನಿಗೆ ನೆನಪಾಯಿತು.

ಆ ವಾರವೆಲ್ಲ ಅವಳು ಹಾಡು ಗುನುಗಿದಳು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿ ತೆರೆಯುವುದು, ಮುಚ್ಚುವುದು ಅವನಿಗೆ ಕೆಳಗಿನಿಂದಲೇ ಕೇಳಿಸುತ್ತಿತ್ತು. ಒಳ್ಳೆಯ ಬಟ್ಟೆ ಹುಡುಕುತ್ತಿದ್ದಾಳೆ ಎಂದು ಬುದ್ಧಿ ಹೇಳಿದರೆ, ಪೋಸ್ಟರ್ ನೋಡುತ್ತಿದ್ದಾಳೆ ಎಂದು ಮನಸ್ಸು ಹೇಳಿತು. ಕಾರ್ಯಕ್ರಮದ ಹಿಂದಿನ ರಾತ್ರಿ ಊರೆಲ್ಲ ಇವನ ಹಾಸಿಗೆಯ ಮೇಲೆ ಸುಖವಾಗಿ ಮಲಗಿದರೆ, ಇವನು ಮಾತ್ರ ತಾನೇ ತುಂಬಿದ ದಿಂಬಿನ ಮೇಲೆ ತಲೆ ನಿಲ್ಲದೆ ಹೊರಳಾಡಿದ. ನಾಳೆ ಅವಳು ಅಸಲಿಯನ್ನು ಎದುರಿಗೇ ನೋಡುತ್ತಾಳೆ. ಆಮೇಲೆ ನನ್ನ ಕಡೆ ತಿರುಗುತ್ತಾಳೆ. ಆಗ ಅವಳ ಕಣ್ಣಲ್ಲಿ ನಾನು ಏನಾಗಿ ಕಾಣಬಹುದು?

ಬೆಳಿಗ್ಗೆ ಎದ್ದವನೇ ಸೀದಾ ಕ್ಷೌರದಂಗಡಿಗೆ ಹೋಗಿ ಮೀಸೆ ಬೋಳಿಸಿಕೊಂಡ. ಹೋಲಿಕೆಯೇ ಇಲ್ಲದಿದ್ದರೆ ಹೋಲಿಸುವ ಮಾತೇ ಇಲ್ಲವಲ್ಲ! ಐವತ್ತು ದಾಟಿದ ಗಂಡಸು ಮಾಡುವ ಕೆಲಸವೇ ಇದು ಎಂದು ನೀವು ಕೇಳಬಹುದು. ಹೊಟ್ಟೆಕಿಚ್ಚಿಗೆ ವಯಸ್ಸು ಗೊತ್ತಾಗುವುದಿಲ್ಲ.

ಹೆಂಡತಿ ಬಾಗಿಲು ತೆಗೆದವಳು ಅಲ್ಲೇ ಅಡ್ಡ ನಿಂತಳು. "ಯಾರು ಬೇಕಾಗಿತ್ತು?"

"ತಮಾಷೆ ಸಾಕು, ದಾರಿ ಬಿಡು."

"ಮೀಸೆ ಎಲ್ಲಿ?"

"ತೆಗೆಸಿದೆ."

"ಯಾರನ್ನ ಕೇಳಿ ತೆಗೆಸಿದ್ರಿ?"

"ನನ್ನ ಮೀಸೆ ತೆಗೆಸೋಕೆ ನಾನು ಯಾರನ್ನ ಕೇಳಬೇಕು?"

"ಮೂವತ್ತು ವರ್ಷ ಚುಚ್ಚಿಸಿಕೊಂಡೋಳು ನಾನು. ನನ್ನನ್ನ ಕೇಳಬೇಕು!" ಎಂದು ಅವಳು ನಿಜಕ್ಕೂ ಸಿಟ್ಟಾದಳು. ತಿಂಡಿ ತಟ್ಟೆಯನ್ನು ಟಣ್ಣನೆ ಇಟ್ಟು ಹೋದಳು. ನೋಡಿದೆಯಾ, ಅವಳಿಗೆ ಬೇಕಾಗಿದ್ದದ್ದು ಆ ಮೀಸೆಯೇ ಎಂದು ಡ್ರಮ್ಮಣ್ಣ ಬ್ರೆಡ್ಡು ಮುರಿಯುತ್ತಾ ಅಂದುಕೊಂಡ.

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಮೈದಾನ ತುಂಬಿತ್ತು. ಕಂಡಕ್ಟರ್ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದ. ಬೋಳು ತುಟಿಯ ಡ್ರಮ್ಮಣ್ಣನನ್ನು ಕಂಡು ಮೊದಲು ಎದೆ ಒಡೆದವನಂತೆ ನಿಂತ. ಅಷ್ಟರಲ್ಲಿ ಹಸಿರು ಕೊಡೆಯವರು ವೇದಿಕೆಗೆ ಬಂದರು. ಮೂವರು ಕೈ ಬೀಸಿದರು. ನಾಲ್ಕನೆಯವನು ತಲೆ ತಗ್ಗಿಸಿಕೊಂಡು ಬಂದು ಡ್ರಮ್ಮಿನ ಹಿಂದೆ ಕೂತ. ದೊಡ್ಡ ಪರದೆಯ ಮೇಲೆ ಅವನ ಮುಖ ಮೂಡಿತು. ಗಲ್ಲದ ಗುಳಿ ಇತ್ತು, ಎದ್ದ ಹುಬ್ಬೂ ಇತ್ತು. ಮೀಸೆ ಇರಲಿಲ್ಲ! ನುಣ್ಣಗೆ ಬೋಳಿಸಿಕೊಂಡು ಬಂದಿದ್ದ.

"ನೋಡಿದ್ರಾ! ನೋಡಿದ್ರಾ!" ಎಂದು ಕಂಡಕ್ಟರ್ ಕುರ್ಚಿಯ ಮೇಲೆ ಹತ್ತಿ ನಿಂತ. "ಒಬ್ಬರಿಗೊಬ್ಬರು ಸುದ್ದಿ ಕಳಿಸಿಕೊಂಡಿದ್ದಾರೆ!" ಹಿಂದಿನವರು ಕೂರಯ್ಯಾ ಎಂದು ಅವನ ಅಂಗಿ ಹಿಡಿದು ಎಳೆದರು.

ಡ್ರಮ್ಮಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಾಡಿಗೆಗೆ ತಂದ ಮುಖವೇನೋ ಎಂಬಂತೆ ತನ್ನ ಗಲ್ಲವನ್ನು ಒಮ್ಮೆ ಸವರಿಕೊಂಡ. ವೇದಿಕೆಯ ಕಡೆ ಅವನು ಮತ್ತೆ ನೋಡಲಿಲ್ಲ. ಹಾಡಿನ ಮೇಲೆ ಹಾಡು ಬಂತು, ಜನ ಎದ್ದು ಕುಣಿದರು, ಅವನು ಮಾತ್ರ ಪಕ್ಕದಲ್ಲಿ ಕೂತ ಹೆಂಡತಿಯ ಮುಖವನ್ನೇ ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳು ಮುಂದಕ್ಕೆ ಬಾಗಿ, ಕೈಯನ್ನು ಮಡಿಲಲ್ಲಿ ಬಿಗಿದುಕೊಂಡು, ಪರದೆಯ ಮೇಲಿನ ಆ ಮುಖವನ್ನು ನೋಡುತ್ತಿದ್ದಳು. ಮೂರನೇ ರೆಕಾರ್ಡಿನ ಹಾಡು ಬಂದಾಗ ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಂಡಳು. ಮತ್ತೆ ಇಳಿಯಿತು.

ಮುಗಿಯಿತು ಎಂದುಕೊಂಡ ಡ್ರಮ್ಮಣ್ಣ. ಅವನಿಗೆ ಸಿಟ್ಟು ಬರಲಿಲ್ಲ, ದುಃಖವಾಯಿತು. ಪಾಪ, ಇವಳು ಇಷ್ಟು ವರ್ಷ ಇದನ್ನು ಒಳಗೇ ಇಟ್ಟುಕೊಂಡು ನನಗಾಗಿ ಗವಸು ಹೊಲಿದಳಲ್ಲ ಎನ್ನಿಸಿತು. ಇನ್ನು ಕೇಳಿಯೇಬಿಡಬೇಕು. ಮುಳ್ಳು ಒಳಗಿದ್ದು ನಂಜಾಗುವುದಕ್ಕಿಂತ ಕಿತ್ತು ರಕ್ತ ಬರುವುದೇ ವಾಸಿ ಎಂದು ಅವನು ಗಟ್ಟಿ ಮನಸ್ಸು ಮಾಡಿದ.

ಜನ ಕರಗಿದ ಮೇಲೆ ಇಬ್ಬರೂ ಬಸ್ಸಿನ ಕಡೆ ನಡೆದರು. ದಾರಿಯಲ್ಲಿ ಕಡಲೆಕಾಯಿ ಸಿಪ್ಪೆ, ತುಳಿದು ಬಿಟ್ಟ ಕಾಗದದ ಲೋಟ. ಅವನು ಒಮ್ಮೆಲೇ ನಿಂತ.

"ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು. ಅಲ್ಲಿ ಯಾಕೆ ಅತ್ತಿದ್ದು?"

"ಆ ಮನುಷ್ಯನಿಗೆ ಎಷ್ಟು ವಯಸ್ಸಾಗಿಬಿಟ್ಟಿದೆ ರೀ" ಎಂದಳು ಅವಳು. "ಕಣ್ಣ ಕೆಳಗೆ ಜೋತುಬಿದ್ದಿದೆ, ಕುತ್ತಿಗೆ ಸುಕ್ಕಾಗಿದೆ. ನೋಡ್ತಾ ನೋಡ್ತಾ ಒಂದೇ ಸಲ ಅನ್ನಿಸ್ತು, ಇದು ನಿಮ್ಮ ಮುಖ ಅಲ್ವಾ ಅಂತ. ನಿಮಗೂ ಇಷ್ಟೇ ವಯಸ್ಸಾಗಿದೆ. ನಾನು ದಿನಾ ನೋಡ್ತೀನಲ್ಲ, ನನಗೆ ಗೊತ್ತೇ ಆಗಿರಲಿಲ್ಲ. ಅವನನ್ನ ನೋಡಿ ಗೊತ್ತಾಯ್ತು. ಅಳು ಬಂತು."

ಆದರೂ ಡ್ರಮ್ಮಣ್ಣ ಹಟ ಬಿಡಲಿಲ್ಲ. "ಮತ್ತೆ ಆ ಪೆಟ್ಟಿಗೆ ಮುಚ್ಚಳದ ಪೋಸ್ಟರು?"

"ಯಾವ ಪೋಸ್ಟರು?" ಎಂದವಳು ಹುಬ್ಬು ಗಂಟಿಕ್ಕಿ ಯೋಚಿಸಿ, ಕೊನೆಗೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ! ಅದನ್ನ ನೀವು ನೋಡಿದ್ರಾ? ಅದು ಇನ್ನೂ ಇದೆ ಅಂದುಕೊಂಡ್ರಾ? ಮದುವೆಯಾದ ಮರುವರ್ಷವೇ ಜಿರಲೆ ಮೂಗು ತಿಂದುಹಾಕಿತ್ತು. ಕಿತ್ತು ಬಿಸಾಕಿದೆ. ಇಷ್ಟು ವರ್ಷದಲ್ಲಿ ಒಂದು ಸಲ ಮುಚ್ಚಳ ಎತ್ತಿ ನೋಡೋಕಾಗಲಿಲ್ವಾ ನಿಮಗೆ?"

ಮೂಗಿಲ್ಲದ ಮೌನಿಗೆ ಹೆದರಿ ಮೂವತ್ತು ವರ್ಷ! ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಅಂಟಿಸಿದ್ದಂತೂ ನೀನೇ ತಾನೆ?" ಎಂದ, ಸೋತವನ ದನಿಯಲ್ಲಿ.

"ನಾನೇ. ಸುಳ್ಳು ಯಾಕೆ ಹೇಳಲಿ? ಆ ವಯಸ್ಸಲ್ಲಿ ಅವನೆಂದರೆ ಹುಚ್ಚು. ಅಂಗಡೀಲಿ ನಿಮ್ಮನ್ನ ನೋಡಿ ಅವನೇ ಕೂತಿದ್ದಾನೆ ಅನ್ನಿಸಿ ಕಾಲು ಅಲ್ಲೇ ನಿಂತುಬಿಡ್ತು. ಮೊದಲನೇ ದಿಂಬು ಅಕ್ಕನ ಜೊತೆ ಸುಮ್ಮನೆ ತಂದದ್ದು. ಎರಡನೇದು ತಂದದ್ದು ಆ ಮುಖ ನೋಡೋಕೆ." ಅವಳು ಅವನ ತೋಳು ಹಿಡಿದು ನಡೆಸಿದಳು. "ಆದರೆ ಎರಡು ಸಲವೂ ನೀವು ಕೇಳಿದ್ರಲ್ಲ, ಯಾವ ಕಡೆ ತಿರುಗಿ ಮಲಗ್ತೀರಿ ಅಂತ. ನಮ್ಮ ಮನೇಲಿ ನಾನು ಉಂಡೆನಾ ಅಂತ ಕೇಳೋರಿದ್ರು. ನಿದ್ದೆ ಹೇಗೆ ಬರುತ್ತೆ ಅಂತ ಯಾರೂ ಕೇಳಿರಲಿಲ್ಲ. ಮನೆಗೆ ಹೋಗಿ ಅದನ್ನೇ ನೆನೆಸಿಕೊಂಡು ಮಲಗಿದೆ. ಮೂರನೇ ದಿಂಬು ನಿಮಗೇ ತಂದದ್ದು ರೀ."

"ಅವತ್ತು ಬಲಗಡೆ ಅಂದ್ಯಲ್ಲ, ನಾನು ಮರೆಗುಳಿ ಅಂದುಕೊಂಡೆ."

"ಮರೆಗುಳಿ ನಿಮ್ಮಜ್ಜಿ! ಮತ್ತೆ ಎಡಗಡೆ ಅಂದ್ರೆ, ಗೊತ್ತಾಯ್ತು ಅಂತ ನೀವು ಇನ್ಮುಂದೆ ಕೇಳೋದೇ ಇಲ್ಲ ಅನ್ನಿಸ್ತು. ಬದಲಿಸಿ ಹೇಳಿದ್ರೆ ಪ್ರತಿ ಸಲ ಕೇಳ್ತೀರಲ್ಲ ಅಂತ ಸುಳ್ಳು ಹೇಳಿದೆ."

ಹಿಂದಿನಿಂದ ದಡದಡ ಸದ್ದಾಯಿತು. ಕಂಡಕ್ಟರ್ ಏದುಸಿರು ಬಿಡುತ್ತಾ ಬಂದ. ಅವನ ಮುಖ ಬಾಡಿತ್ತು. ಇವನನ್ನು ಕಂಡು ಮೌನಿ ಕೋಲು ಬೀಳಿಸಿರಲಿಲ್ಲ, ಕಣ್ಣೆತ್ತಿ ನೋಡಿರಲೂ ಇಲ್ಲ. ಪಂಗಡದವರೆಲ್ಲ ನೀನು ಹೇಳಿದ್ದು ಸುಳ್ಳು ಎಂದು ಅವನನ್ನು ಅಲ್ಲೇ ಬಿಟ್ಟು ಹೋಗಿದ್ದರು.

"ಅತ್ತಿಗೆ, ನೀವೇ ಹೇಳಿಬಿಡಿ" ಎಂದು ಅವನು ಅಂಗಲಾಚಿದ. "ಇಬ್ಬರನ್ನೂ ಹತ್ತಿರದಿಂದ ನೋಡಿದೋರು ನೀವೊಬ್ಬರೇ. ಅಸಲಿ ಯಾರು?"

ಇಷ್ಟು ದಿನ ಈ ಮಾತಿಗೆ ಬಿದ್ದು ಬಿದ್ದು ನಕ್ಕವಳು ಈಗ ನಗಲಿಲ್ಲ. ಗಂಡನ ಬೋಳು ತುಟಿಯನ್ನು ನೋಡಿದಳು, ಗಲ್ಲದ ಗುಳಿಯಲ್ಲಿ ಉಳಿದಿದ್ದ ಹತ್ತಿಯ ಎಳೆಯೊಂದನ್ನು ಬೆರಳಿಂದ ತೆಗೆದಳು.

"ನೀನು ಹೇಳಿದ್ದೇ ಸರಿ ಕಣಪ್ಪ" ಎಂದಳು. "ಅಲ್ಲಿ ಕೂತಿರೋನು ಡೂಪ್ಲಿಕೇಟು. ಆ ಹಾಡಲ್ಲಿ ನಡುವೆ ಸುಮ್ಮನಿರಬೇಕಲ್ಲ, ಅಲ್ಲಿ ಕೂಡ ದಬದಬ ಅಂತ ಹೊಡೆದುಬಿಟ್ಟ. ಮೂವತ್ತು ವರ್ಷ ಕೇಳಿದ ಕಿವಿ ನಂದು, ನನಗೆ ಗೊತ್ತಾಗಲ್ವಾ? ಅಸಲಿ ನನ್ನ ಮನೇಲೇ ಇದ್ದಾನೆ. ಯಾರಿಗೂ ಹೇಳಬೇಡ."

ಕಂಡಕ್ಟರನ ಮುಖ ದೀಪ ಹಚ್ಚಿದಂತಾಯಿತು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದ. ಎಲ್ಲರಿಗೂ ಹೇಳಲು ಆಗಲೇ ಕಾಲು ತುರಿಸುತ್ತಿತ್ತು. ಸೀಟಿ ಊದಿ, ಜನರನ್ನು ಸರಿಸಿ, ಬಸ್ಸಿನಲ್ಲಿ ಇಬ್ಬರಿಗೂ ಸೀಟು ಹಿಡಿದುಕೊಟ್ಟ.

ಬಸ್ಸು ಹೊರಟಿತು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಡ್ರಮ್ಮಣ್ಣನ ಎದೆ ಹೊಸದಾಗಿ ಬಿಡಿಸಿದ ಹತ್ತಿಯಂತೆ ಹಗುರವಾಗಿತ್ತು. ಪಕ್ಕದಲ್ಲಿ ಹೆಂಡತಿ ಆಕಳಿಸಿದಳು. ಅವನು ತನ್ನ ಅಂಗವಸ್ತ್ರ ಮಡಚಿ ಹೆಗಲ ಮೇಲೆ ಹಾಕಿಕೊಂಡು, ಅಂಗಡಿಗೆ ಬಂದ ಹೊಸ ಗಿರಾಕಿಯನ್ನು ಕೇಳುವಂತೆ ಬಹುವಚನದಲ್ಲಿ ಕೇಳಿದ.

"ಯಾವ ಕಡೆ ತಿರುಗಿ ಮಲಗ್ತೀರಿ?"

"ಬಲಗಡೆ" ಎಂದಳು ಅವಳು, ಎಡಕ್ಕೆ ತಿರುಗಿ ಅವನ ಹೆಗಲಿಗೆ ತಲೆ ಇಡುತ್ತಾ.

ಅವನು ಇನ್ನೊಮ್ಮೆ ಕೇಳಿದ.